ಒಡೆಯಲೆಂದೇ ಮಾಡಿದ ತಟ್ಟೆ

ಬೆಳಗಿನ ಆರು ಗಂಟೆ. ರಂಗಮಂದಿರದ ಹಿಂದಿನ ಕೋಣೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಬಿಳಿ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮ ತಲೆಗೇ ಅಪ್ಪಳಿಸಿಕೊಳ್ಳುತ್ತಾರೆ. ತಟ್ಟೆ ಚೂರುಚೂರು. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಬಾಗಿಲಲ್ಲೇ ನಿಂತುಬಿಡುತ್ತೇನೆ.

"ಹೆದರ್ಬೇಡಮ್ಮ, ಬಾ. ಚಪ್ಪಲಿ ಹಾಕ್ಕೊಂಡೇ ಬಾ," ಎನ್ನುತ್ತಾರೆ, ಕೂದಲು ಕೊಡವಿಕೊಳ್ಳುತ್ತ.

ನಾಟಕ ತಂಡಕ್ಕೆ ಇವರು ತಟ್ಟೆ ಅಕ್ಕ. ರಾಳ, ಮೇಣ ಕರಗಿಸಿ, ಸೀಮೆಸುಣ್ಣದ ಪುಡಿ ಬೆರೆಸಿ ಅಚ್ಚಿಗೆ ಹೊಯ್ದು, ಪೆಟ್ಟಾಗದಂತೆ ಒಡೆಯುವ ತಟ್ಟೆ ಮಾಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಈಗಿನ ನಾಟಕ ಮೈ ನಡುಗಿಸುತ್ತಲೇ ನಗಿಸುತ್ತದೆ. ಗಂಡ ಹೆಂಡತಿ ತಿಂಡಿಗೆ ಕೂತಾಗ ಅಪರಿಚಿತನೊಬ್ಬ ಬಂದು ಮೂರನೇ ಕುರ್ಚಿ ಎಳೆದುಕೊಳ್ಳುತ್ತಾನೆ. ಹೋಗುವುದೇ ಇಲ್ಲ. ಉಪ್ಪು ಕಮ್ಮಿ ಎಂದು ಗಂಡನ ತಲೆಯ ಮೇಲೆ ತಟ್ಟೆ ಒಡೆಯುತ್ತಾನೆ. ಆ ಗಂಡನ ಪಾತ್ರ ಅಕ್ಕನ ಸ್ವಂತ ತಮ್ಮನದು.

ಮೇಜಿನ ಮೇಲೆ ತಿನ್ನಲು ಪಿಂಗಾಣಿ ತಟ್ಟೆಗಳೂ ಇರುತ್ತವೆ. ನೋಡಲು ಎರಡೂ ಒಂದೇ. ಅಕ್ಕ ಉಗುರಿನಿಂದ ಬಡಿದು ಜೋಡಿಸುತ್ತಾರೆ: ಪಿಂಗಾಣಿ ಠಣ್ ಎನ್ನುತ್ತದೆ, ಎರಕದ್ದು ಸದ್ದೇ ಮಾಡದು. ಹತ್ತೊಂಬತ್ತು ದಿನದ ಹಿಂದೆ, ಅಕ್ಕನ ಮಂಡಿನೋವು ನೋಡಲಾರದೆ ಹೆಂಡತಿಯ ಪಾತ್ರದ ನಟಿ ತಾನೇ ಮೇಜು ಜೋಡಿಸಿದಳು. ಬಡಿದು ನೋಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಪಿಂಗಾಣಿಯೇ ತಮ್ಮನ ತಲೆಗೆ ಬಿತ್ತು. ಕಿವಿಯ ಹಿಂದಿನಿಂದ ರಕ್ತ ಇಳಿಯಿತು. ಜನ ಬಿದ್ದು ಬಿದ್ದು ನಕ್ಕರು.

"ಪುಣ್ಯಾತ್ಮ, ಇನ್ನೂ ಎರಡು ಮಾತು ಹೇಳಿ ಆಮೇಲೆ ಬಿದ್ದ. ಅದಕ್ಕೂ ಚಪ್ಪಾಳೆ!" ಎನ್ನುತ್ತಾರೆ ಅಕ್ಕ. ಹದಿಮೂರು ಹೊಲಿಗೆ. "ಅವಳನ್ನ ಬೈಲಿಲ್ಲ. ಬಡಿದು ನೋಡೋದನ್ನ ನಾನು ಯಾರಿಗೂ ಹೇಳ್ಕೊಟ್ಟಿರ್ಲಿಲ್ಲ. ನಂದೇ ಒಂದು ಜಂಬ."

ಅಂದಿನಿಂದ ಪ್ರತಿ ಎರಕದ ಮೊದಲ ತಟ್ಟೆ ಅಕ್ಕನ ತಲೆಗೆ.

ಇವತ್ತು ಮಧ್ಯಾಹ್ನ ಮತ್ತೆ ಆಟ. ತಮ್ಮ ಬರುತ್ತಾರೋ ಇಲ್ಲವೋ ಯಾರಿಗೂ ತಿಳಿಯದು. "ಅವನು ಆ ಕುರ್ಚೀಲಿ ಕೂರದಿದ್ರೆ, ಅಚ್ಚು ಒಡೆದುಹಾಕಿ ಮನೆಗ್ ಹೋಗ್ತೀನಿ."

ಎರಡೂವರೆಗೆ ತಮ್ಮ ಟೋಪಿ ತೆಗೆಯುತ್ತ ಒಳಗೆ ಬರುತ್ತಾರೆ. ಹೊಲಿಗೆಯ ಗೆರೆ ಇನ್ನೂ ಕೆಂಪಗಿದೆ. "ಅಕ್ಕಾ, ಚಿಕ್ಕಂದಿನ ಸೇಡು ಏನಾದ್ರೂ ಉಳಿದಿದ್ರೆ ಈಗ್ಲೇ ಹೇಳ್ಬಿಡು."

"ಬಾಯ್ಮುಚ್ಕೊಂಡು ಕೂತ್ಕೊಳೋ."

ಕೂರುತ್ತಾರೆ.

ಆಟ ನಡೆಯುವಾಗ ಪರದೆಯ ಮರೆಯಲ್ಲಿ ಅಕ್ಕನ ಪಕ್ಕ ನಿಂತಿದ್ದೇನೆ. ತಟ್ಟೆ ಒಡೆಯುತ್ತದೆ. ಜನ ಹೋ ಎಂದು ನಗುತ್ತಾರೆ. ಅಕ್ಕನ ಕೈ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿಯುತ್ತದೆ.

"ಅವತ್ತೂ ಇಷ್ಟೇ ಜೋರಾಗಿ ನಕ್ಕಿದ್ರು."

ಆಟ ಮುಗಿದ ಮೇಲೆ ಚೂರುಗಳನ್ನು ಮೊರಕ್ಕೆ ಗುಡಿಸಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಕೆದಕಿ ನೋಡುತ್ತಾರೆ.

"ಎಲ್ಲೂ ಕೆಂಪಿಲ್ಲ. ಎಲ್ಲಾ ಬೆಳ್ಳಗೇ ಇದೆ," ಎನ್ನುತ್ತಾರೆ.