ಮಾವಿನ ಮರದಡಿ ಇಳಿದ ಬಿಸಿಲು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೊರಟ ಬಸ್ಸು ಸುತ್ತೂರು ದಾಟಿದ ಮೇಲೆ ಕೆಟ್ಟು ನಿಂತಿತು. ಮಂಜು ಆಗಷ್ಟೇ ಕರಗುತ್ತಿತ್ತು. ಮಾವಿನ ಹೂವಿನ ಪರಿಮಳದ ಹಿಂದೆಯೇ ರಸ್ತೆ ಪಕ್ಕದ ತೋಟಕ್ಕೆ ನಡೆದುಬಿಟ್ಟೆ. ಒಂದು ಮರದ ಕೆಳಗೆ ಹಿರಿಯ ಹೆಂಗಸೊಬ್ಬರು ಅಂಗಾತ ಮಲಗಿದ್ದರು. ಗಾಬರಿಯಾಗಿ, "ಏನಾಯ್ತಮ್ಮ?" ಎಂದೆ.

"ಏನೂ ಆಗಿಲ್ಲ ಕಣವ್ವ. ಎಷ್ಟು ಬಿಸ್ಲು ಇಳೀತದೆ ಅಂತ ನೋಡ್ತಿವ್ನಿ," ಎಂದು ನಕ್ಕರು ತೋಟದ ಒಡತಿ ಮಾದೇವಮ್ಮ.

ಹೂವಿಗೆ ಬೂದಿರೋಗ ಬಂದೀತೆಂದು ಅವರ ಯಜಮಾನರು ಪ್ರತಿ ವರ್ಷ ಇಡೀ ತೋಟಕ್ಕೆ ಮತ್ತೆ ಮತ್ತೆ ಔಷಧಿ ಹೊಡೆಯುತ್ತಿದ್ದರಂತೆ. ಹೋದ ವರ್ಷ ಹೊಡೆಯುತ್ತಲೇ ಉಸಿರು ಕಟ್ಟಿ ಬಿದ್ದರಂತೆ. ಅದಕ್ಕೇ ಆ ಫಸಲಿನ ಕಾಯಿ ಕಿತ್ತ ಮೇಲೆ ಮಾದೇವಮ್ಮ ಒತ್ತಾಗಿದ್ದ ಕೊಂಬೆಗಳನ್ನು ಕಡಿಸಿದ್ದರು. ಗಾಳಿ ಬೆಳಕು ಆಡಿದರೆ ರೋಗ ಹಬ್ಬುವುದು ಕಡಿಮೆ. ತಮ್ಮ ತಂದೆ ನೆಟ್ಟ ಮರಗಳಿಗೆ ಕೊಡಲಿ ಹಾಕಿಸಿದಳೆಂದು ಯಜಮಾನರು ಅಂದಿನಿಂದ ಮಾತು ಬಿಟ್ಟಿದ್ದರು.

ನಾನೂ ಪಕ್ಕದಲ್ಲಿ ಮಲಗಿದೆ. ಬಿಸಿಲಿನ ಚುಕ್ಕೆಗಳು ಮೈಮೇಲೆ ತೇಲಾಡಿದವು. ಜೇನುನೊಣಗಳ ಗುಂಯ್ಗಾರದಲ್ಲಿ ಬಸ್ಸು ಮರೆತೇಹೋಯಿತು.

ಅಷ್ಟರಲ್ಲಿ ಔಷಧಿ ಕ್ಯಾನನ್ನು ಬೆನ್ನಿಗೇರಿಸಿಕೊಂಡು ಯಜಮಾನರು ಬಂದರು. ನಮ್ಮನ್ನು ಕಾಣದವರಂತೆ ಮರದಿಂದ ಮರಕ್ಕೆ ಹೋಗಿ ಹೂಗೊಂಚಲುಗಳನ್ನು ತಿರುವಿ ತಿರುವಿ ನೋಡಿದರು. ಕೊನೆಗೆ ಬೇಲಿ ಪಕ್ಕದ ಮರದ ಹತ್ತಿರ ನಿಂತರು.

"ಇದ್ರಲ್ಲಿ ಮಾತ್ರ ಬೂದಿ ಕಾಣ್ತದೆ. ಇದೊಂದ್ಕೇ ಒಡೀತೀನಿ, ಸಾಕು," ಎಂದರು, ಗಾಳಿಗೆ ಹೇಳಿದಂತೆ.

ಮಾದೇವಮ್ಮ ತಟ್ಟನೆ ಎದ್ದರು. "ತಡೀರಿ, ಅಂಗೇ ಒಡೀಬ್ಯಾಡಿ," ಎನ್ನುತ್ತಾ ಅವರ ಹೆಗಲಿನ ಟವೆಲ್ ಎಳೆದು ಮೂಗು ಬಾಯಿಗೆ ಸುತ್ತಿ ಕಟ್ಟತೊಡಗಿದರು. ಎತ್ತರದ ಆಳು ಯಜಮಾನರು. ಹೆಂಡತಿಯ ಕೈಗೆಟುಕಲೆಂದು ಮೊಣಕಾಲು ಬಗ್ಗಿಸಿ, ಕಣ್ಣು ಮುಚ್ಚಿ ನಿಂತರು.