ಈ ಕೌದಿ ಯಾರಿಗೆ?

ಕಳೆದ ವಾರ ನಮ್ಮ ಮನೆಗೆ ಒಂದು ಹೊಸ ಸ್ಟೀಲ್ ಡಬ್ಬಿ ಬಂತು. ಅದರ ಬದಲಿಗೆ ಹೋದದ್ದು ನನ್ನ ಒಂದು ವರ್ಷದ ಕೆಲಸ.

ನಾನು ಬಟ್ಟೆ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತೇನೆ. ಹೊಟ್ಟೆಪಾಡಿಗಲ್ಲ. ಹೊಟ್ಟೆಪಾಡಿಗೆ ವಿಮೆ ಪಾಲಿಸಿ ಮಾಡಿಸುತ್ತೇನೆ. ಅದಕ್ಕಾಗಿ ರೋಣದಿಂದ ನರಗುಂದ, ಗಜೇಂದ್ರಗಡ ಎಂದು ಸುತ್ತುತ್ತಲೇ ಇರುತ್ತೇನೆ. ಬ್ಯಾಗಿನಲ್ಲಿ ಪಾಲಿಸಿ ಪೇಪರುಗಳ ಪಕ್ಕ ಸೂಜಿ, ದಾರ, ಒಂದಿಷ್ಟು ಅರಿವೆ ತುಂಡು. ಬಸ್ ತಡವಾದರೆ ಉಳಿದವರು ಮೊಬೈಲ್ ತೆಗೆಯುತ್ತಾರೆ, ನಾನು ಸೂಜಿ ತೆಗೆಯುತ್ತೇನೆ. (ಸೂಜಿ ಹಿಡಿದು ಕೂತವಳ ಹತ್ತಿರ ಜನ ತಾವಾಗಿ ಬಂದು ಮಾತಾಡುತ್ತಾರೆ. ಪಾಲಿಸಿ ಹಿಡಿದು ಕೂತರೆ ಎದ್ದು ಹೋಗುತ್ತಾರೆ.)

ಒಂದು ಮುಗಿಸಿ ಇನ್ನೊಂದು ಹಿಡಿಯುವ ಶಿಸ್ತು ನನಗಿಲ್ಲ. ನರಗುಂದದಲ್ಲಿರುವ ತಂಗಿಯ ಮೊಮ್ಮಗಳಿಗೊಂದು ಪುಟ್ಟ ಕೌದಿ ನಡೆದಿದೆ. ಅಣ್ಣನ ಮಗನ ಹಳೆಯ ಜೀನ್ಸ್ ಕತ್ತರಿಸಿ ಶುರು ಮಾಡಿದ್ದು ಇನ್ನೊಂದು. (ಸೂಜಿ ಮುರಿಯುವುದು ಬಿಟ್ಟರೆ ಅದರಲ್ಲಿ ಬೇರೆ ಪ್ರಗತಿ ಇಲ್ಲ.) ಮತ್ತೊಂದು, ಬ್ಲೌಸ್ ಪೀಸಿನದು.

ಬ್ಲೌಸ್ ಪೀಸಿನ ಕಥೆ ನಿಮಗೆ ಗೊತ್ತೇ ಇದೆ. ಮದುವೆ, ಗೃಹಪ್ರವೇಶ, ಸೀಮಂತ, ಎಲ್ಲಿಗೆ ಹೋದರೂ ಉಡಿ ತುಂಬಿ ಒಂದು ಕೊಡುತ್ತಾರೆ. ಅದನ್ನು ಯಾರಾದರೂ ಹೊಲಿಸಿ ತೊಟ್ಟದ್ದುಂಟೆ? ನಾವು ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ನರಗುಂದದಲ್ಲಿ ನಾನೇ ಕೊಟ್ಟ ಹಸಿರು ಪೀಸು ಮರುವರ್ಷ ಗಜೇಂದ್ರಗಡದಲ್ಲಿ ನನ್ನ ಉಡಿಗೇ ಬಂದು ಬಿತ್ತು. ಅಂದು ನಿರ್ಧರಿಸಿದೆ, ಇನ್ನು ಇವುಗಳ ಪ್ರಯಾಣ ಸಾಕು. ನನಗೆ ಬಂದದ್ದು ನನ್ನ ಹತ್ತಿರವೇ ಇರಲಿ. ಅಂಚಿನ ಖಣ, ಹೂವಿನ ಪಾಪ್ಲಿನ್, ಎಲ್ಲ ಕತ್ತರಿಸಿ, ಕೆಳಗೆ ಹಳೆಯ ಇಳಕಲ್ ಸೀರೆ ಹಾಸಿ ಹೊಲಿಯತೊಡಗಿದೆ. ಇದುವರೆಗೆ ಹೊಲಿದ ಕೌದಿಗಳೆಲ್ಲ ಯಾರದೋ ಮಗುವಿಗೆ, ಯಾರದೋ ಮದುವೆಗೆ. ಇದು ಮೊದಲ ಬಾರಿಗೆ ನನಗೆ.

ಕಳೆದ ವಾರ ಮಧ್ಯಾಹ್ನ ಮನೆಗೆ ಬಂದು ನೋಡಿದರೆ ಒಳಕೋಣೆಯ ಮೂಲೆ ಖಾಲಿ. ಹಳೆ ಸೀರೆಯಲ್ಲಿ ಕಟ್ಟಿಟ್ಟಿದ್ದ ಕೌದಿಯ ಗಂಟು ಇಲ್ಲ.

"ಅತ್ತಿ, ಇಲ್ಲಿದ್ದ ಗಂಟ ಎಲ್ಲೈತ್ರಿ?"

"ಹಳೀ ಸೀರಿ ಗಂಟೇನು? ಪಾತ್ರಿ ದುರ್ಗವ್ವ ಬಂದಿದ್ಲು. ಕೊಟ್ಟ್ಯಾ. ಡಬ್ಬಿ ನೋಡು, ಎಷ್ಟ ದಪ್ಪ ಐತಿ."

ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳು ದುರ್ಗವ್ವ. ಗಜೇಂದ್ರಗಡದವಳು, ನಮ್ಮ ಓಣಿಗೆ ಆಗಾಗ ಬರುತ್ತಾಳೆ. ಅತ್ತೆ ಗಂಟು ಬಿಚ್ಚಿಯೂ ನೋಡಿರಲಿಲ್ಲ. ಡಬ್ಬಿಯಲ್ಲಿ ಆಗಲೇ ಅವಲಕ್ಕಿ ತುಂಬಿತ್ತು.

ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರು ಶಾಂತವಾಗಿ ಹೇಳಿದರು, "ಹೋಗ್ಲಿ ಬಿಡು, ಮತ್ತೊಂದ ಹೊಲಿ. ಹ್ಯಾಂಗೂ ನಿನಗ ಟೈಮ್ ಪಾಸ್ ಆಕ್ಕೇತಿ."

ಟೈಮ್ ಪಾಸ್. ಆ ಎರಡು ಪದ ಕೇಳಿದ ಮೇಲೆ ನಾನು ಊಟಕ್ಕೆ ಕೂರಲಿಲ್ಲ. ಸ್ಕೂಟಿ ತೆಗೆದೆ.

ದುರ್ಗವ್ವ ಸವಡಿ ಕಡೆ ಹೋದಳೆಂದು ಓಣಿಯವರು ಹೇಳಿದರು. ಸವಡಿಗೆ ಹೋದೆ. ಅಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು, "ಈಗಷ್ಟ ಹೋದ್ಲಲ್ರಿ, ಊರಿಗೆ ಹೊಂಟೇನಿ ಅಂದ್ಲು" ಎಂದರು. ರೋಣಕ್ಕೆ ವಾಪಸ್ ಬಂದು, ಸ್ಕೂಟಿ ನಿಲ್ಲಿಸಿ, ಗಜೇಂದ್ರಗಡದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಕೇಳಿದರೆ ಏನು ಹೇಳಲಿ? ಒಂದು ಚಿಂದಿ ಗಂಟಿಗೆ ಇಷ್ಟು ದೂರ ಬಂದೆ ಎನ್ನಲೇ? ಬ್ಯಾಗಿನಲ್ಲಿ ಸೂಜಿ ಇತ್ತು. ಆ ದಿನ ಹೊರಗೆ ತೆಗೆಯಲಿಲ್ಲ.

ಕೇಳುತ್ತ ಹೋದರೆ, ಗುಡ್ಡದ ಕೆಳಗಿನ ಓಣಿಯಲ್ಲಿ ದುರ್ಗವ್ವನ ಮನೆ. ಅಂಗಳದಲ್ಲಿ ಬಟ್ಟೆಗಳ ರಾಶಿ. ನಡುವೆ ಅವಳು ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ನನ್ನ ಕೌದಿ. ಕೈಯಲ್ಲಿ ಬ್ಲೇಡು.

ಒಂದು ಮೂಲೆ ಆಗಲೇ ಬಿಚ್ಚಿತ್ತು.

"ಯವ್ವಾ, ನಿಲ್ಸು. ಅದು ನಂದು."

ದುರ್ಗವ್ವ ತಲೆ ಎತ್ತಿದಳು. "ಬರ್ರಿ ಅಕ್ಕಾರ, ಕುಂದರ್ರಿ. ತುಂಡ ಹೊಸಾವು ಅದಾವ ಅಂತ ಬಿಚ್ಚಾಕ ಕುಂತೇನ್ರಿ. ಹೊಲಿಗಿ ಭಾಳ ಗಟ್ಟಿ ಐತಿ. ಕೈ ನೊಂದ್ವು."

ನನ್ನ ಹೊಲಿಗೆಗೆ ಇಷ್ಟು ಒಳ್ಳೆಯ ಸರ್ಟಿಫಿಕೇಟ್ ಯಾರೂ ಕೊಟ್ಟಿರಲಿಲ್ಲ. ಆದರೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ನಮ್ಮತ್ತಿ ಗೊತ್ತಿಲ್ದ ಕೊಟ್ಟಾರ. ನನಗ ಅದು ಬೇಕು."

"ಡಬ್ಬಿ ತಂದೀರೇನ್ರಿ?"

ತಂದಿರಲಿಲ್ಲ. ವ್ಯಾಪಾರ ವ್ಯಾಪಾರವೇ. ದುರ್ಗವ್ವ ಬಿಸಿಲಲ್ಲಿ ಬುಟ್ಟಿ ಹೊತ್ತು ತಿರುಗಿ ಕೊಟ್ಟ ಡಬ್ಬಿ ಅದು, ಬಿಟ್ಟಿ ಬಂದದ್ದಲ್ಲ. ಸ್ವಲ್ಪ ಯೋಚಿಸಿ ಹೇಳಿದೆ, "ಮುಂದಿನ ಸಲ ಬಾ. ನಮ್ಮ ಮನಿಯವರ ಪ್ಯಾಂಟು, ಶರ್ಟು ಕೊಡ್ತೀನಿ. ಚಲೋ ಇದ್ದಾವ ಕೊಡ್ತೀನಿ." (ಟೈಮ್ ಪಾಸ್ ಎಂದವರಿಗೆ ಇದರ ಸುದ್ದಿ ಇನ್ನೂ ತಿಳಿದಿಲ್ಲ. ಇಂದು ಓದಿ ತಿಳಿಯಲಿ.)

ದುರ್ಗವ್ವ ಕೌದಿಯನ್ನು ಮಡಚಿದಳು. ಕೊಡುವ ಮೊದಲು ಅದರ ಮೇಲೆ ಕೈಯಾಡಿಸಿ ಕೇಳಿದಳು, "ಇಷ್ಟ ಓಡಿ ಬಂದೀರಿ. ಯಾರಿಗ್ರಿ ಇದು? ಮೊಮ್ಮಗಗ?"

"ನನಗ."

"ನಿಮಗ?"

"ಹೌದು. ನಾನ ಹೊಚ್ಕೋಳಾಕ."

ಅವಳು ನಕ್ಕಾಳು ಅಂದುಕೊಂಡಿದ್ದೆ, ನಗಲಿಲ್ಲ. "ಹಂಗಾರ ಒಯ್ರಿ," ಎಂದು ನನ್ನ ಮಡಿಲಿಗೆ ಇಟ್ಟಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮುಖ ಸಣ್ಣದಾಗಿತ್ತು. "ನಂಗೇನ ಗೊತ್ತವಾ," ಎಂದರು. "ನೀ ಹೊಲಿಯಾಕ ಶುರು ಮಾಡಿದಾಗ ಯಾರಿಗಿದು ಅಂತ ಕೇಳಿದ್ರ, ಯಾರಿಗೂ ಅಲ್ಲ, ಸುಮ್ನ ಅಂದಿದ್ದಿ. ಕೂಸಿಂದು ಅಂದಿದ್ರ ಟ್ರಂಕಿನ್ಯಾಗ ಇಡ್ತಿದ್ದೆ."

ನನ್ನ ಸಿಟ್ಟು ಅಲ್ಲಿಗೆ ನಿಂತಿತು. ಖರೇ ಮಾತು. ಮಗುವಿಗೆ ಎಂದರೆ ಟ್ರಂಕು, ಮದುವೆಗೆ ಎಂದರೆ ಅಲ್ಮಾರಿ, ನನಗೆ ಎಂದರೆ 'ಯಾರಿಗೂ ಅಲ್ಲ'. ಹಾಗೆ ಹೇಳಿಕೊಟ್ಟವರು ಯಾರು? ಅತ್ತೆಯೂ ಅಲ್ಲ, ಯಜಮಾನರೂ ಅಲ್ಲ. 'ನನಗೆ' ಎನ್ನಲು ನನಗೇ ನಾಚಿಕೆಯಾಗಿತ್ತು. ಹೆಂಗಸು ತನಗಾಗಿ ಮಾಡಿಕೊಂಡ ವಸ್ತುವಿಗೆ ಮನೆಯಲ್ಲಿ ಜಾಗ ಬೇಕಾದರೆ, ಮೊದಲು ಅವಳ ಬಾಯಲ್ಲಿ ಅದಕ್ಕೆ ಜಾಗ ಸಿಗಬೇಕು.

ಮರುದಿನದಿಂದ ನಾನು ಒಳಕೋಣೆಯ ಮೂಲೆ ಬಿಟ್ಟೆ. ಈಗ ಪಡಸಾಲೆಯ ನಟ್ಟನಡುವೆ ಕೌದಿ ಹರಡಿಕೊಂಡು ಕೂರುತ್ತೇನೆ. ಬಂದವರು ಸುತ್ತು ಹಾಕಿ ಹೋಗಬೇಕು. ಯಾರಿಗೆ ಎಂದು ಕೇಳಿದರೆ ಗಟ್ಟಿಯಾಗಿ ಹೇಳುತ್ತೇನೆ. ಬ್ಲೇಡು ಆಡಿದ ಮೂಲೆಯನ್ನು ಮೊದಲಿಗಿಂತ ಒತ್ತಾಗಿ ಹೊಲಿದೆ. ಉಳಿದದ್ದು ದೀಪಾವಳಿಯೊಳಗೆ ಮುಗಿಯಲೇಬೇಕು. ಜೀನ್ಸ್ ಕೌದಿ ಕಾಯಲಿ.

ಮೊನ್ನೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಕಟ್ಟಿನಿಂದ ಒಂದು ಖಣದ ತುಂಡು ಆರಿಸಿ, ಬೆಳಕಿಗೆ ಹಿಡಿದು ನೋಡಿದರು. ಮಕ್ಕಳಿಗೆ, ಮೊಮ್ಮಕ್ಕಳಿಗೆ, ನಾದಿನಿಯರ ಮಕ್ಕಳಿಗೆ ಕೌದಿ ಹೊಲಿದ ಕೈ ಅದು. ಅವರು ಮಾತ್ರ ಇಂದಿಗೂ ಹೊದೆಯುವುದು ಅಂಗಡಿಯ ಚಾದರ.

"ನಂಗೂ ಒಂದ ಹೊಲಿದ ಕೊಡ್ತೀಯೇನು?"

"ಇಲ್ರಿ ಅತ್ತಿ. ನಿಮ್ಮದು ನೀವ ಹೊಲಿರಿ. ದಾರ ಪೋಣಿಸಿ ಕೊಡ್ತೀನಿ."

ಅವರು ಸಿಟ್ಟಾಗಲಿಲ್ಲ. ಟ್ರಂಕು ತೆಗೆದು ತಮ್ಮ ಬ್ಲೌಸ್ ಪೀಸುಗಳನ್ನೆಲ್ಲ ನೆಲದ ಮೇಲೆ ಸುರಿದರು. ಈಗ ಪಡಸಾಲೆಯಲ್ಲಿ ಎರಡು ಕೌದಿ ನಡೆದಿವೆ. ನಮ್ಮ ಮನೆಯವರು ಗೋಡೆ ಹಿಡಿದು ಓಡಾಡುತ್ತಾರೆ.

ಇನ್ನು ನಿಮ್ಮ ಸರದಿ: ನಿಮಗೆಂದೇ, ಬರೀ ನಿಮಗೆಂದೇ, ಕೊನೆಯ ಬಾರಿ ಏನು ಮಾಡಿಕೊಂಡಿರಿ? (ಚಹಾ ಲೆಕ್ಕಕ್ಕಿಲ್ಲ.)