ದೊಡ್ಡವ್ವ ಮೆತ್ತಿದ ಹಲಗೆ

ನಿನ್ನೆ ನೆನೆಹಾಕಿದ್ದ ಮೆಂತ್ಯವನ್ನು ಬೆಳಿಗ್ಗೆ ಮಿಕ್ಸರಿಗೆ ಹಾಕಿದೆ. ವಾಸನೆ ಹಿಡಿದು ನಮ್ಮ ಯಜಮಾನರು ದೋಸೆಯೆಂದು ತಟ್ಟೆ ಸಮೇತ ಬಂದರು, ಪಾಪ. ಅದು ಹೊಟ್ಟೆಗಲ್ಲ, ಚಿತ್ರಕ್ಕೆ.

ನನ್ನ ಚಿತ್ರಗಳನ್ನು ನೋಡಿದವರಿಗೆ ಒಮ್ಮೆ ಕೈಯಾಡಿಸಬೇಕು ಅನ್ನಿಸುತ್ತದಂತೆ. ಎಲ್ಲ ಉಬ್ಬುತಗ್ಗು, ಪದರಿನ ಮೇಲೆ ಪದರು. ಎಲ್ಲಿ ಕಲಿತಿರಿ ಎಂದು ಕೇಳಿದರೆ ಇಷ್ಟು ವರ್ಷ ಧಾರವಾಡದ ಕಾಲೇಜಿನತ್ತ ಬೆರಳು ತೋರಿಸಿ ಜಾರಿಕೊಂಡಿದ್ದೇನೆ. ನಿಮ್ಮ ಮುಂದೆ ನಿಜ ಹೇಳಿಬಿಡುತ್ತೇನೆ.

ಕಲಿಸಿದವಳು ಅಕ್ಕಿಆಲೂರಿನ ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ ಗಂಗವ್ವ. ಬೇಸಿಗೆ ಬಂದರೆ ಅವಳಿಗೆ ಬುಟ್ಟಿ ಮೆತ್ತುವ ಕೆಲಸ. ಬಿದಿರಿನ ಸಂದಿಯಿಂದ ನುಚ್ಚು ಸೋರಬಾರದಲ್ಲ, ರದ್ದಿ ಕಾಗದವನ್ನು ಮೂರು ದಿನ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಬುಟ್ಟಿಗೆ ಬಳಿಯುತ್ತಿದ್ದಳು. ಒಂದು ಪದರು ಒಣಗಿದ ಮೇಲೇ ಇನ್ನೊಂದು. ನನಗೋ ಹುಟ್ಟಾ ಅವಸರ.

"ಹಸಿ ಮ್ಯಾಲ ಬಳದ್ರ ಬಿರಿತೈತಿ, ಯವ್ವಾ. ಒಂಚೂರು ಕೈ ತಡಿ" ಎನ್ನುತ್ತಿದ್ದಳು.

ಕಾಲೇಜಿನ ಸಂದರ್ಶನಕ್ಕೆ ಒಯ್ಯಬೇಕಾದ ಚಿತ್ರಗಳನ್ನೆಲ್ಲ ನಾನು, ಮಹಾ ಜಾಣೆ, ಅಟ್ಟದ ಮೇಲೆ ಅವಳ ರದ್ದಿಯ ಪಕ್ಕದಲ್ಲೇ ಇಟ್ಟಿದ್ದೆ. ಹೊರಡಲು ವಾರವಿದೆ ಎನ್ನುವಾಗ ನೋಡುತ್ತೇನೆ, ದೊಡ್ಡವ್ವನ ಬಕೆಟ್ಟಿನಲ್ಲಿ ನಾನು ಬರೆದ ಹಾನಗಲ್ಲ ಕೆರೆಯ ನೀಲಿ ಕರಗುತ್ತಿದೆ. ಬಾಯಿಗೆ ಬಂದಂತೆ ಅಂದೆ.

"ಸಾಲಿ ಕಟ್ಟಿ ಹತ್ತದಾಕಿ ನೀ, ನಿನಗೇನ್ ತಿಳೀತೈತಿ?"

ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಅವಳು ಸಂಜೆ ಒಂದು ಹಳೆಯ ಹಲಗೆಗೆ ಅದೇ ನೀಲಿ ರಾಡಿಯನ್ನು ಮೆತ್ತಿ ತಂದಿಟ್ಟಳು.

"ತಪ್ಪಾತು, ಯವ್ವಾ. ಹೋಗಿದ್ದನ್ನ ತರಾಕ ಬರೂದಿಲ್ಲ. ಇದರ ಮ್ಯಾಲ ಬರಿಯಾಕ ಬರ್ತೈತೇನು ನೋಡು."

ಮೂರು ದಿನ ಮೂರು ಪದರು ಮೆತ್ತಿದಳು. ನಾನು ಮುಖ ಊದಿಸಿಕೊಂಡೇ ಅದರ ಮೇಲೆ ಮತ್ತೆ ಕೆರೆ ಬರೆದೆ. ಸಂದರ್ಶನದಲ್ಲಿ ಮೇಷ್ಟ್ರು ಆ ಹಲಗೆಯ ಮೇಲೆ ಬಹಳ ಹೊತ್ತು ಅಂಗೈ ಆಡಿಸಿ, ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ನಾನೇ ಕಂಡುಕೊಂಡೆ ಎಂದೆ. ಸೀಟು ಸಿಕ್ಕಿತು. ಆ ಸುಳ್ಳನ್ನು ಅಂದಿನಿಂದ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಹೋದ ವಾರ ಒಂದು ಚಿತ್ರ ಕಟ್ಟಿಕೊಂಡು ಚಿಕ್ಕೇರೂರಿಗೆ ಹೋದೆ. ದೊಡ್ಡವ್ವ ಈಗ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಅಷ್ಟಾಗಿ ಕಾಣಿಸುವುದಿಲ್ಲ. ಕೂತು ಎಲ್ಲ ಹೇಳಿ, ತಪ್ಪಾಯಿತು ಎಂದೆ. ಅವಳು ನಕ್ಕಳು.

"ನನ್ನ ಹೆಸರ ಹೇಳಿದ್ರ ಅವರು ಸೀಟ್ ಕೊಡ್ತಿದ್ರೇನ, ಹುಚ್ಚಿ?"

ಆಮೇಲೆ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ನೋಡತೊಡಗಿದಳು. ಒಂದು ಮೂಲೆಗೆ ಬಂದಾಗ ಬೆರಳು ನಿಂತಿತು.

"ಇಲ್ಲಿ ಹಸಿ ಮ್ಯಾಲ ಬಳದೀಯಲ್ಲ."

ಹೌದು, ಬಳಿದಿದ್ದೆ.

ಮುಂದಿನ ತಿಂಗಳು ಶಿಗ್ಗಾಂವದಲ್ಲಿ ನನ್ನ ಚಿತ್ರಗಳ ಪ್ರದರ್ಶನವಿದೆ. ಬಾಗಿಲಲ್ಲಿ ಇಡುವ ಹಲಗೆಯ ಮೇಲೆ ಈಗ ಅವಳ ಹೆಸರು ಬರೆಯುತ್ತಿದ್ದೇನೆ. ಓದಲು ಅವಳಿಗೆ ಬರುವುದಿಲ್ಲ, ಕಣ್ಣೂ ಸಾಲದು. ಅದಕ್ಕೇ ಅಕ್ಷರಗಳನ್ನು ಕಾಗದ, ಮೆಂತ್ಯ ಅರೆದು ಉಬ್ಬಿಸಿ ಮೆತ್ತುತ್ತಿದ್ದೇನೆ, ಕರೆದುಕೊಂಡು ಹೋಗಿ ಮುಟ್ಟಿಸಬೇಕು. ಮೊದಲನೆಯ ಪದರು ಇನ್ನೂ ಹಸಿ ಇದೆ. ಕೈ ತಡೆದು ಕೂತಿದ್ದೇನೆ.